ತೂಕಕ್ಕೆ ಸೇರದ ಸುಖ

ಸಂತೆಯಲ್ಲಿ ತರಕಾರಿ ಮಾರುವವರಿಗೆ ತಕ್ಕಡಿ ಕೆಳಗಿಟ್ಟ ಮೇಲೂ ಒಂದು ಕೆಲಸ ಉಳಿದಿರುತ್ತದೆ. ತೂಗಿದ ಬದನೆಕಾಯಿಯನ್ನು ನಮ್ಮ ಚೀಲಕ್ಕೆ ಸುರಿದು, ದುಡ್ಡು ಎಣಿಸಿಕೊಂಡು, ಕೊನೆಗೆ ಎರಡು ಎಸಳು ಕರಿಬೇವನ್ನೋ ನಾಲ್ಕು ಕಡ್ಡಿ ಕೊತ್ತಂಬರಿಯನ್ನೋ ಎತ್ತಿ ಮೇಲೆ ಹಾಕುತ್ತಾರೆ. ಅದು ಕೊಸರು. ತಕ್ಕಡಿಗೆ ಅದರ ಸುದ್ದಿ ಗೊತ್ತಿಲ್ಲ, ಲೆಕ್ಕಕ್ಕೂ ಗೊತ್ತಿಲ್ಲ. ಜಗಳವಾಡಿ ಕೊಸರು ಕೇಳುವವರಿದ್ದಾರೆ. ಆದರೆ ಕೇಳದೆ ಬಂದ ಕರಿಬೇವಿನಿಂದ ಮನೆಯ ಒಗ್ಗರಣೆಗೆ ಬರುವ ಪರಿಮಳವೇ ಬೇರೆ. ಹೊಸಲು ದಾಟಿ, ಗುರುತು ಪರಿಚಯವಿಲ್ಲದ ಜನರ ನಡುವೆ ಓಡಾಡಿ ಬರುವ ನಮಗೆಲ್ಲರಿಗೂ ದಿನವೂ ಇಂಥದೊಂದು ಕೊಸರು ಸಿಗುತ್ತದೆ. ಹೋದದ್ದು ಬ್ಯಾಂಕಿಗೋ ಔಷಧಿ ಅಂಗಡಿಗೋ. ಬರುವಾಗ ಯಾರದೋ ಸಂತೋಷದ ಒಂದು ಚೂರು ನಮ್ಮ ಜೊತೆಗೆ ಬಂದಿರುತ್ತದೆ. ಈ ಹೊತ್ತಿನ ನನ್ನ ಮಾತು ಆ ಚೂರಿನ ಬಗ್ಗೆ.

ಬೆಂಗಳೂರಿನ ಗಾಂಧಿಬಜಾರಿನಲ್ಲಿ ಹೂವಿನ ಅಂಗಡಿಗಳನ್ನು ನೀವು ನೋಡಿರಬಹುದು. ಕಟ್ಟಿದ ಹೂವನ್ನು ಅಲ್ಲಿ ಮೊಳದಲ್ಲಿ ಅಳೆದು ಕೊಡುತ್ತಾರೆ, ಮೊಣಕೈಯಿಂದ ನಡುಬೆರಳ ತುದಿಯ ತನಕ. ಒಬ್ಬೊಬ್ಬರ ಕೈ ಒಂದೊಂದು ಉದ್ದ. ಅಳೆಯುವಾಗ ಮಾಲೆಯನ್ನು ಬಿಗಿಯಾಗಿ ಎಳೆದು ಹಿಡಿಯುವವರಿದ್ದಾರೆ, ಸಡಿಲ ಬಿಡುವವರೂ ಇದ್ದಾರೆ. ಹಾಗಾಗಿ ಆ ಅಳತೆಯೊಳಗೇ ಧಾರಾಳತನಕ್ಕೆ ಒಂದಿಷ್ಟು ಜಾಗ ಇದೆ. ಒಂದು ಸಂಜೆ ಅಲ್ಲಿ ತಾಯಿ ಮಗಳು ನಿಂತಿದ್ದರು. ಮಗಳು ಶಾಲೆಯ ಸಮವಸ್ತ್ರದಲ್ಲಿ, ಎರಡು ಜಡೆ, ಮಡಿಸಿ ಕಟ್ಟಿದ ರಿಬ್ಬನ್ನು. ತಾಯಿ ದೇವರ ಪಟಕ್ಕೆಂದು ಕಾಕಡಾ ಕೊಂಡರು. ಹುಡುಗಿ ಏನನ್ನೂ ಕೇಳಲಿಲ್ಲ. ಬುಟ್ಟಿಯಲ್ಲಿದ್ದ ಕನಕಾಂಬರದ ಮೇಲಿನ ಕಣ್ಣನ್ನು ಮಾತ್ರ ತೆಗೆಯಲಿಲ್ಲ. ಹೂ ಮಾರುವಾಕೆ ಅದನ್ನು ಗಮನಿಸಿದರು. “ಬಾ ಪುಟ್ಟಿ ಇಲ್ಲಿ” ಎಂದು ಕರೆದು, ಗೇಣುದ್ದದ ಒಂದು ತುಂಡನ್ನು ಎರಡು ಮಾಡಿ ಎರಡು ಜಡೆಗೂ ಸಿಕ್ಕಿಸಿದರು. ತಾಯಿ ಪರ್ಸಿಗೆ ಕೈ ಹಾಕಿದರೆ, “ಅದಕ್ಕೇನ್ ಕಾಸು, ಬುಡವ್ವ” ಎಂದರು. ಆ ಮಗು ರಸ್ತೆ ದಾಟಿ ತಿರುವಿನಲ್ಲಿ ಮರೆಯಾಗುವ ತನಕ ಕತ್ತನ್ನು ಒಂದಿಷ್ಟೂ ಆಡಿಸಲಿಲ್ಲ. ಹೂ ಬಿದ್ದೀತೆಂಬ ಭಯ. ತಾಯಿ ಏನೋ ಕೇಳಿದಾಗ ಇಡೀ ಮೈಯನ್ನೇ ತಿರುಗಿಸಿ ಉತ್ತರ ಕೊಟ್ಟಳು.

ಇನ್ನೊಂದು ಹೇಳುತ್ತೇನೆ. ನಮ್ಮ ಬಸ್ಸುಗಳಲ್ಲಿ ಚಿಲ್ಲರೆಯದು ಎಂದಿಗೂ ಮುಗಿಯದ ಕಥೆ. ಬಾಕಿ ಎಷ್ಟೆಂದು ಟಿಕೆಟ್ಟಿನ ಹಿಂದೆ ಬರೆದುಕೊಡುವ ಕಂಡಕ್ಟರು, ಇಳಿಯುವ ತನಕ ಆ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತ ಪ್ರಯಾಣಿಕರು, ನಮಗೆಲ್ಲ ಗೊತ್ತಿರುವ ಚಿತ್ರ. ಕೆಲವು ಸಲ ಇಬ್ಬರ ಬಾಕಿಯನ್ನು ಸೇರಿಸಿ ಒಂದೇ ನೋಟು ಕೊಟ್ಟು, “ನೀವಿಬ್ರೂ ಹಂಚ್ಕೊಳ್ಳಿ” ಎಂದುಬಿಡುತ್ತಾರೆ. ಅಲ್ಲಿಯ ತನಕ ಒಬ್ಬರ ಮುಖ ಒಬ್ಬರು ನೋಡಿರದ ಇಬ್ಬರು ಆಗ ಜೊತೆಯಾಗಿ ಇಳಿಯಲೇಬೇಕು.

ಕನಕಪುರದಿಂದ ಮಳವಳ್ಳಿಯ ಕಡೆ ಹೋಗುವಾಗ ಹಲಗೂರಿನಲ್ಲಿ ಹೀಗೆ ಇಬ್ಬರು ಇಳಿದರು. ಒಬ್ಬ ಕಾಲೇಜು ಹುಡುಗ, ಬೆನ್ನಿಗೆ ಚೀಲ. ಇನ್ನೊಬ್ಬರು ಪಂಚೆ ಉಟ್ಟು ಹೆಗಲಿಗೆ ಟವಲ್ ಹಾಕಿದ್ದ ವಯಸ್ಸಾದ ರೈತರು. ಇಬ್ಬರ ನಡುವೆ ನೂರು ರೂಪಾಯಿಯ ಒಂದು ನೋಟು. ಹುಡುಗನಿಗೆ ಅದರಲ್ಲಿ ನಲವತ್ತು, ಹಿರಿಯರಿಗೆ ಅರವತ್ತು. ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಂತದ್ದರಿಂದ ಕಿಟಕಿಯ ಪಕ್ಕದಲ್ಲಿ ಕೂತ ನನಗೆ ಎಲ್ಲವೂ ಕಾಣುತ್ತಿತ್ತು, ಕೇಳುತ್ತಲೂ ಇತ್ತು. ಹುಡುಗ ಫೋನು ತೆಗೆದು, “ತಾತ, ಫೋನ್‌ಪೇ ಮಾಡ್ಲಾ?” ಎಂದ. “ಅಯ್ಯೋ, ನಂದು ಬರೀ ಮಾತಾಡೋ ಫೋನು ಕಣ್ ಮಗ” ಎಂದರು ಅವರು. ಎಳನೀರಿನವನ ಹತ್ತಿರ ಚಿಲ್ಲರೆ ಇರಲಿಲ್ಲ. ಪೆಟ್ಟಿಗೆ ಅಂಗಡಿಯವನು, ಏನಾದರೂ ತೆಗೆದುಕೊಂಡರೆ ಕೊಡುತ್ತೇನೆ ಎಂದ. ಹಿರಿಯರು ಎರಡು ಕಡಲೆಮಿಠಾಯಿ ಕೊಂಡು ಒಂದನ್ನು ಹುಡುಗನ ಕೈಗಿಟ್ಟರು. ಈಗ ಲೆಕ್ಕ ಹೊಸದಾಗಿ ಶುರುವಾಯಿತು. ಮಿಠಾಯಿಯ ದುಡ್ಡು ಯಾರ ಪಾಲಿನಿಂದ ಹೋಗಬೇಕು? ಹುಡುಗ ತನ್ನದರಲ್ಲಿ ಕಳೆಯಿರಿ ಎನ್ನುತ್ತಾನೆ, ಅವರು ಒಪ್ಪುವುದಿಲ್ಲ. ಅಂಗಡಿಯವನೂ ನಡುವೆ ಬಾಯಿ ಹಾಕಿದ. ಕೊನೆಗೆ ಹಿರಿಯರು ಹುಡುಗನ ಅಂಗಿಯ ಜೇಬಿಗೆ ನೋಟುಗಳನ್ನು ತುರುಕಿ, “ಓದು ಮುಗುಸ್ಕಂಡು ನಾಳೆ ಇನ್ಯಾರ್ಗಾರ ಕೊಡಿಸೋಗು” ಎಂದು ಹೇಳಿ, ಮಿಠಾಯಿ ಕಡಿಯುತ್ತ ಹೊರಟರು. ಹುಡುಗ ನಗುತ್ತ ಅಲ್ಲೇ ನಿಂತಿದ್ದ. ಬಸ್ಸು ಹೊರಟಾಗ ನಾನೂ ನಗುತ್ತಿದ್ದೆ, ನನ್ನ ಮುಂದಿನ ಸೀಟಿನವರೂ ನಗುತ್ತಿದ್ದರು. ಅವರೂ ಅಷ್ಟು ಹೊತ್ತು ಅದನ್ನೇ ನೋಡುತ್ತಿದ್ದರೆಂದು ನನಗೆ ಗೊತ್ತಾದದ್ದು ಆಗಲೇ.

ಆ ನೂರು ರೂಪಾಯಿಯಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಹಾಗಿದ್ದೂ ಆ ದಿನವೆಲ್ಲ ಮನಸ್ಸು ಹಗುರವಾಗಿತ್ತು. ಇದು ಏಕೆ ಹೀಗೆ ಎಂದು ಬಹಳ ಯೋಚಿಸಿದ್ದೇನೆ. ನಮ್ಮವರ ಸಂತೋಷ ನೋಡಿದಾಗ ಆಗುವ ಸುಖ ದೊಡ್ಡದೇ, ಆದರೆ ಅದರಲ್ಲಿ ಕಾಳಜಿ ಬೆರೆತಿರುತ್ತದೆ. ನಮ್ಮ ಮಗ ಕುಣಿದರೆ ಬಿದ್ದಾನು ಎನ್ನಿಸುತ್ತದೆ, ಮಗಳಿಗೆ ಬಹುಮಾನ ಬಂದರೆ ಮುಂದಿನ ವರ್ಷದ ಪರೀಕ್ಷೆ ನೆನಪಾಗುತ್ತದೆ. ಪ್ರೀತಿ ಇದ್ದಲ್ಲಿ ನಾಳೆಯ ಚಿಂತೆ ಬಿಡುವುದಿಲ್ಲ. ಗುರುತಿಲ್ಲದವರ ಸಂತೋಷಕ್ಕೆ ನಿನ್ನೆಯೂ ಇಲ್ಲ, ನಾಳೆಯೂ ಇಲ್ಲ. ಅವರು ನಮ್ಮಿಂದ ಏನನ್ನೂ ಪಡೆಯಬೇಕಾಗಿಲ್ಲ, ನಾವು ಅವರಿಗೆ ಏನನ್ನೂ ಹಿಂದಿರುಗಿಸಬೇಕಾಗಿಲ್ಲ. ನೋಡಿದೆವು, ಹಿಗ್ಗಿದೆವು, ನಮ್ಮ ದಾರಿ ಹಿಡಿದೆವು.

ಪತಂಜಲಿಗಳ ಯೋಗಸೂತ್ರದ ಮೊದಲನೆಯ ಪಾದದಲ್ಲಿ, 33ನೆಯ ಸೂತ್ರದಲ್ಲಿ, ಚಿತ್ತ ತಿಳಿಯಾಗುವುದಕ್ಕೆ ನಾಲ್ಕು ಭಾವನೆಗಳನ್ನು ಹೇಳಿದೆ. ದುಃಖದಲ್ಲಿರುವವರ ಬಗ್ಗೆ ಕರುಣೆ, ಪುಣ್ಯದ ಕೆಲಸ ಕಂಡಾಗ ಹರ್ಷ, ಪಾಪ ಕಂಡಾಗ ಉಪೇಕ್ಷೆ. ಈ ಮೂರಕ್ಕೂ ಮೊದಲು ಅವರು ಇಟ್ಟಿರುವುದು ಸುಖದಲ್ಲಿರುವವರ ಬಗ್ಗೆ ಮೈತ್ರಿಯನ್ನು. ಈ ಮೊದಲನೆಯದನ್ನು ಓದಿದಾಗಲೆಲ್ಲ ನಾನು ನಿಂತುಬಿಡುತ್ತೇನೆ. ದುಃಖದಲ್ಲಿದ್ದವರಿಗೆ ಮರುಗಬೇಕೆಂದು ಮನೆಯಲ್ಲಿ, ಶಾಲೆಯಲ್ಲಿ, ಮಠ ಮಂದಿರಗಳಲ್ಲಿ ಎಲ್ಲರೂ ಕಲಿಸುತ್ತಾರೆ. ಸುಖವಾಗಿರುವವರನ್ನು ಸ್ನೇಹದಿಂದ ನೋಡಬೇಕೆಂದು ಕಲಿಸುವವರು ಕಡಿಮೆ, ಆದರೆ ಅದೇ ಹೆಚ್ಚು ಕಷ್ಟದ್ದು. ಪಕ್ಕದ ಮನೆಯವರು ಹೊಸ ಕಾರು ತಂದ ದಿನ ನಮ್ಮ ಮನಸ್ಸಿನಲ್ಲಿ ಏನಾಗುತ್ತದೆಂದು ನಮಗೇ ಗೊತ್ತು. ಜೊತೆಯಲ್ಲಿ ಕೆಲಸಕ್ಕೆ ಸೇರಿದವರಿಗೆ ಬಡ್ತಿ ಬಂದಾಗ ಬಾಯಿ ಅಭಿನಂದನೆ ಹೇಳುತ್ತದೆ, ಒಳಗೆ ಏನೋ ಚುಚ್ಚುತ್ತದೆ. ಜಡೆಯಲ್ಲಿ ಕನಕಾಂಬರ ಸಿಕ್ಕಿಸಿಕೊಂಡ ಮಗುವಿನ ಬಗ್ಗೆ, ಕಡಲೆಮಿಠಾಯಿ ಕಡಿಯುತ್ತ ಹೋದ ರೈತರ ಬಗ್ಗೆ ಯಾರಿಗೆ ತಾನೆ ಹೊಟ್ಟೆಕಿಚ್ಚು ಬಂದೀತು? ಸುಖಿಗಳ ಜೊತೆ ಸ್ನೇಹವನ್ನು ಅಭ್ಯಾಸ ಮಾಡುವುದಕ್ಕೆ ಗುರುತಿಲ್ಲದವರೇ ತಕ್ಕ ಜನ ಎಂದು ನಾನು ನಂಬಿದ್ದೇನೆ. ಅಲ್ಲಿ ರೂಢಿಯಾದರೆ ಪಕ್ಕದ ಮನೆಯ ಕಾರನ್ನು ನೋಡುವ ಕಣ್ಣೂ ನಿಧಾನವಾಗಿ ಬದಲಾಗುತ್ತದೆ. ನನ್ನ ಅನುಭವ ಇದು, ಸಂಕೋಚವಿಲ್ಲದೆ ಹೇಳುತ್ತೇನೆ.

ಗುರುತಿಲ್ಲದವರ ನಡುವೆ ಹೀಗೊಂದು ಸುಖ ಇದೆ ಎನ್ನುವುದನ್ನು ಮನಶ್ಶಾಸ್ತ್ರಜ್ಞರೂ ತಮ್ಮ ರೀತಿಯಲ್ಲಿ ಹುಡುಕಿ ನೋಡಿದ್ದಾರೆ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಇಬ್ಬರು ಶಿಕಾಗೋ ನಗರದಲ್ಲಿ ದಿನವೂ ರೈಲಿನಲ್ಲಿ, ಬಸ್ಸಿನಲ್ಲಿ ಓಡಾಡುವವರ ಮೇಲೆ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಕೆಲವರಿಗೆ ಪಕ್ಕದಲ್ಲಿ ಕೂತ ಅಪರಿಚಿತರ ಜೊತೆ ಮಾತಾಡಲು ಹೇಳಿದರು, ಕೆಲವರಿಗೆ ಒಬ್ಬರೇ ಸುಮ್ಮನೆ ಕೂರಲು. ಯಾವುದು ಹಿತವೆನ್ನಿಸೀತು ಎಂದು ಕೇಳಿದಾಗ ಜನ ಊಹಿಸಿದ್ದು ಒಬ್ಬರೇ ಕೂರುವುದನ್ನು. ಪ್ರಯಾಣ ಮುಗಿದ ಮೇಲೆ ಹೆಚ್ಚು ಹಿತವಾಗಿತ್ತು ಎಂದವರು ಮಾತಾಡಿದವರು. ಪಕ್ಕದವರಿಗೆ ನಮ್ಮ ಮಾತು ಬೇಡವಾಗಿದೆ ಎಂದು ನಾವು ತಿಳಿದಿರುತ್ತೇವೆ, ನಮಗೆ ಅವರ ಮಾತು ಬೇಡ ಎಂದು ಅವರು ತಿಳಿದಿರುತ್ತಾರೆ. ಇಬ್ಬರೂ ಕಿಟಕಿಯಾಚೆ ನೋಡುತ್ತ ಊರು ಸೇರುತ್ತೇವೆ.

ಇದಕ್ಕಿಂತ ನನಗೆ ಇಷ್ಟವಾದದ್ದು ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1972ರಲ್ಲಿ ಬರೆದ ಒಂದು ಪುಟ್ಟ ಲೇಖನ. ದಿನವೂ ಒಂದೇ ಹೊತ್ತಿಗೆ ಒಂದೇ ರೈಲು ನಿಲ್ದಾಣಕ್ಕೆ ಬರುವವರ ಫೋಟೋ ತೆಗೆದು, ಅವರಿಗೇ ತೋರಿಸಿ, ಇವರಲ್ಲಿ ಯಾರನ್ನು ಬಲ್ಲಿರಿ ಎಂದು ಮಿಲ್‌ಗ್ರಾಂ ಅವರ ವಿದ್ಯಾರ್ಥಿಗಳು ಕೇಳಿದರು. ಎಷ್ಟೋ ಜನರಿಗೆ ಮುಖ ಚೆನ್ನಾಗಿ ಗೊತ್ತು, ಹೆಸರು ಗೊತ್ತಿಲ್ಲ, ಒಂದು ದಿನವೂ ಮಾತಾಡಿಲ್ಲ. ಇಂಥ ಇಬ್ಬರು ತಮ್ಮ ನಿಲ್ದಾಣದಿಂದ ಬಹುದೂರ ಎಲ್ಲೋ ಎದುರಾದರೆ ಮಾತು ತಾನಾಗಿ ಹೊರಡುವ ಸಂಭವ ಹೆಚ್ಚು ಎಂದೂ ಮಿಲ್‌ಗ್ರಾಂ ಹೇಳಿದರು. ಬೆಂಗಳೂರು ಮೈಸೂರಿನ ನಡುವೆ ದಿನವೂ ರೈಲಿನಲ್ಲಿ ಓಡಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಂಡ್ಯದಲ್ಲಿ ಹತ್ತುವವರ ಮುಖ, ಅವರ ಊಟದ ಡಬ್ಬಿ, ಅವರು ಕೂರುವ ಮೂಲೆ ಎಲ್ಲ ಗೊತ್ತು. ನಾಲ್ಕು ದಿನ ಕಾಣದಿದ್ದರೆ ಏನಾಯಿತೋ ಎನ್ನಿಸುತ್ತದೆ. ಅವರೇ ಕಾಶಿಯ ಘಾಟಿನಲ್ಲಿ ಸಿಕ್ಕರೆ ತಬ್ಬಿಕೊಳ್ಳುವುದೊಂದು ಬಾಕಿ.

ನಾವು ಈಗ ಎದುರು ಬದುರು ಇಲ್ಲದೆ ಮಾತಾಡುತ್ತಿದ್ದೇವಲ್ಲ, ಈ ಬಾನುಲಿಯೂ ಗುರುತಿಲ್ಲದವರನ್ನು ಒಂದುಗೂಡಿಸಿದ್ದೇ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಪ್ರಸಾರ ಕೇಂದ್ರ ತೆರೆದ ಡಾ. ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆಕಾಶವಾಣಿ ಎಂಬ ಹೆಸರು ಮೊದಲು ಕೇಳಿಸಿದ್ದು ಅಲ್ಲಿಂದಲೇ. ಮನುಷ್ಯರ ಮನಸ್ಸನ್ನು ಓದಿಕೊಂಡವರು, ಕಣ್ಣಿಗೆ ಕಾಣದ ಮನುಷ್ಯರೊಡನೆ ಮಾತಾಡುವ ಯಂತ್ರದ ಕಡೆಗೆ ಹೊರಳಿದ್ದು ನನಗೆ ಬಹಳ ಸಹಜವಾಗಿ ಕಾಣುತ್ತದೆ. ಆಮೇಲಿನ ವರ್ಷಗಳಲ್ಲಿ ಕೇಳುಗರ ಕೋರಿಕೆಯ ಚಿತ್ರಗೀತೆಗಳು ಬಂದವು. ಹಾಡಿಗೆ ಮೊದಲು ಕೋರಿದವರ ಹೆಸರುಗಳು: ಸಿರುಗುಪ್ಪದಿಂದ ಇಂಥವರು, ತರೀಕೆರೆಯಿಂದ ಇಂಥವರು ಮತ್ತು ಮನೆಯವರೆಲ್ಲರೂ, ಬೈಲಹೊಂಗಲದಿಂದ, ಪಾವಗಡದಿಂದ. ನಮ್ಮ ಮನೆಯಲ್ಲಿ ಆ ಹೆಸರುಗಳನ್ನು ಹಾಡಿನಷ್ಟೇ ಆಸೆಯಿಂದ ಕೇಳುತ್ತಿದ್ದೆವು. ನಾವು ಕಾದು ಕೂತ ಹಾಡಿಗೇ ಪಾವಗಡದ ಯಾವುದೋ ಮನೆಯಲ್ಲಿ ಅಜ್ಜಿ, ಮೊಮ್ಮಕ್ಕಳು ಕಾಯುತ್ತಿದ್ದಾರೆ. ಅವರ ಹೆಸರು ಬಂದಾಗ ಆ ಮನೆಯಲ್ಲಿ ಎಂಥ ಗದ್ದಲ ಎದ್ದಿರಬಹುದು! ಕಾಣದೆಯೂ ನಾವು ಅದನ್ನು ಕಂಡಿದ್ದೇವೆ.

ಸಂತೋಷಕ್ಕೆ ತನ್ನನ್ನು ಯಾರಾದರೂ ನೋಡಬೇಕೆಂಬ ಆಸೆ ಇರುತ್ತದೆ. ಇದು ನನಗೆ ತಿಳಿದದ್ದು ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯ ಹೊರಗೆ, ರೋಗಿಗಳ ಕಡೆಯವರು ಕಾಯುವ ಅಂಗಳದಲ್ಲಿ. ಗಾರೆ ಕೆಲಸಕ್ಕೆಂದು ಯಾದಗಿರಿಯ ಕಡೆಯಿಂದ ಬಂದಿದ್ದ ಇಪ್ಪತ್ತೈದರ ಒಳಗಿನ ಹುಡುಗ. ಅಂಗಿಯ ತೋಳಿನ ಮೇಲೆ ಇನ್ನೂ ಸಿಮೆಂಟಿನ ಕಲೆ. ಕೈಯಲ್ಲಿ ಮೈಸೂರು ಪಾಕಿನ ಸಣ್ಣ ಪೊಟ್ಟಣ. ಅವನಿಗೆ ಹೆಣ್ಣು ಮಗು ಹುಟ್ಟಿತ್ತು. ಆ ಊರಿನಲ್ಲಿ ಅವನ ಕಡೆಯವರೆನ್ನುವವರು ಯಾರೂ ಇದ್ದಂತೆ ಕಾಣಲಿಲ್ಲ. ಹೆಂಡತಿ ಒಳಗೆ, ಅವಳ ತಾಯಿ ಅವಳ ಹತ್ತಿರ. ಆದರೆ ಅಂಥ ಸುದ್ದಿಯನ್ನು ಇಟ್ಟುಕೊಂಡು ಯಾರಾದರೂ ಸುಮ್ಮನೆ ಕೂರುವುದುಂಟೆ? ಮೊದಲು ಬಾಗಿಲಲ್ಲಿದ್ದ ಕಾವಲಿನವರಿಗೆ ಕೊಟ್ಟ. ಆಮೇಲೆ ಆಯಾಗೆ. ಆಮೇಲೆ ಕಂಬಕ್ಕೆ ಒರಗಿ ಕೂತವರಿಗೆ, ಚಾಪೆ ಹಾಸಿ ಮಲಗಿದ್ದವರಿಗೆ, ನನಗೆ. “ಹೆಣ್ಣ ಕೂಸ್ರೀ ಅಣ್ಣಾರ” ಎನ್ನುತ್ತಿದ್ದ, ಅಷ್ಟೆ ಅವನ ಭಾಷಣ.

ಕೋಲಾರದ ಕಡೆಯ ಅಜ್ಜಿಯೊಬ್ಬರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸತೊಡಗಿದರು. ಮಗು ತೂಕ ಎಷ್ಟಪ್ಪಾ? ಅತ್ತಿತಾ? ಕೂದಲು ಐತಾ? ತೂಕ ಎರಡೂ ಮುಕ್ಕಾಲು ಕಿಲೋ ಎಂದಾಗ ಸುತ್ತ ಕೂತಿದ್ದ ಮೂರು ನಾಲ್ಕು ಜನ ತಲೆದೂಗಿದರು, ತಮ್ಮ ಮನೆಯ ಮಗುವೇ ಎಂಬಷ್ಟು ತೃಪ್ತಿಯಿಂದ. ಬಾಣಂತಿಗೆ ತಣ್ಣೀರು ಕೊಡಬೇಡ, ಕಿವಿಗೆ ಬಟ್ಟೆ ಕಟ್ಟಿಸು, ಊರಿಗೆ ಹೋಗುವಾಗ ಬಸ್ಸಿನ ಕಿಟಕಿ ಮುಚ್ಚಿಸು ಎಂದು ಅಜ್ಜಿ ಒಂದೊಂದೇ ಹೇಳಿದರು. ಅವನು ಪ್ರತಿಯೊಂದಕ್ಕೂ “ಹೂಂರಿ ಯವ್ವಾ” ಎಂದ. ಅಂಗಳದ ಮೂಲೆಯಲ್ಲಿ ಒಬ್ಬರು ಬೆಳಗಿನಿಂದ ಯಾರ ಜೊತೆಗೂ ಮಾತಾಡಿರಲಿಲ್ಲ. ಅವರ ಮನೆಯವರು ತೀವ್ರ ನಿಗಾ ಘಟಕದಲ್ಲಿದ್ದರು. ಹುಡುಗ ಅವರ ಮುಂದೆ ಪೊಟ್ಟಣ ಹಿಡಿದು ತಡವರಿಸಿದ. ಅವರು ಒಂದು ಚೂರು ತೆಗೆದುಕೊಂಡರು. “ನಮ್ಮದೂ ಒಳ್ಳೇದಾಗ್ಲಿ ಅಂತ ತಿಂತೀನಪ್ಪ” ಎಂದು ಬಾಯಿಗೆ ಹಾಕಿಕೊಂಡರು.

ಇದನ್ನು ಹೇಳುವಾಗ ನನ್ನ ಗಂಟಲು ಈಗಲೂ ಕಟ್ಟುತ್ತದೆ. ಗುರುತಿಲ್ಲದವರ ಸಂತೋಷ ನೋಡುವುದು ಬಿಡುವಿದ್ದವರ, ನೆಮ್ಮದಿಯಿದ್ದವರ ಹವ್ಯಾಸ ಎಂದು ಕೆಲವರು ಭಾವಿಸುತ್ತಾರೆ. ಆ ಅಂಗಳದಲ್ಲಿ ನೆಮ್ಮದಿಯಿಂದ ಕೂತವರು ಯಾರೂ ಇರಲಿಲ್ಲ. ಆದರೂ ಒಂದು ಪೊಟ್ಟಣ ಮೈಸೂರು ಪಾಕಿಗೆ ಅಲ್ಲಿ ನೆಂಟರು ಸಿಕ್ಕಿದರು. ಆ ಹುಡುಗನಿಗೆ ಬೇಕಾಗಿದ್ದದ್ದು ನೋಡುವವರು, ಕೇಳುವವರು. ನಾವು ಅಲ್ಲಿ ಇದ್ದೆವು ಎನ್ನುವುದೇ ಅವನಿಗೆ ನಾವು ಮಾಡಿದ ಉಪಕಾರ.

ನೋಡುವುದಕ್ಕೂ ಒಂದು ಮರ್ಯಾದೆ ಇದೆ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಈಚೆಗೆ ರಸ್ತೆಯಲ್ಲಿ ಯಾರಾದರೂ ನಕ್ಕರೆ, ಕುಣಿದರೆ, ಅತ್ತರೆ ತಕ್ಷಣ ಫೋನುಗಳು ಎದ್ದು ನಿಲ್ಲುತ್ತವೆ. ಅವರ ಅನುಮತಿ ಕೇಳುವವರಿಲ್ಲ. ಅರ್ಧ ನಿಮಿಷದ ವಿಡಿಯೋ ಊರೆಲ್ಲ ಸುತ್ತುತ್ತದೆ, ಕೆಳಗೆ ಸಾವಿರ ಜನ ಮೆಚ್ಚುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಯಾದಗಿರಿಯ ಆ ಹುಡುಗನ ಮುಖ ಆ ಅಂಗಳದಲ್ಲಿದ್ದವರಿಗೆಂದು ಅರಳಿದ್ದು. ಅದನ್ನು ಹಿಡಿದು ಜಗತ್ತಿಗೆ ಹಂಚುವ ಹಕ್ಕು ನನಗೆ ಯಾರು ಕೊಟ್ಟರು? ಫೋನು ಅಡ್ಡ ಹಿಡಿದ ಕೂಡಲೇ ನಾವು ಜೊತೆಯಲ್ಲಿದ್ದವರಾಗಿ ಉಳಿಯುವುದಿಲ್ಲ. ದಿಟ್ಟಿಸುವುದೂ ಬೇಡ. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ, ಬೀದಿಯಲ್ಲಿ ಕಣ್ಣುಗಳು ಕೊಡುವ ಹಿಂಸೆ ಎಂಥದೆಂದು ಅವರನ್ನೇ ಕೇಳಿ ತಿಳಿಯಬೇಕು. ನಮ್ಮ ನೋಟದಿಂದ ಅವರ ಸಂತೋಷ ಒಂದು ಎಳೆಯಷ್ಟೂ ಕದಡಬಾರದು. ಕಣ್ಣು ಕೂಡಿದರೆ ಒಂದು ಮುಗುಳುನಗೆ, ಇಲ್ಲದಿದ್ದರೆ ನಮ್ಮ ಪಾಡಿಗೆ ನಾವು.

ದರ್ಶಿನಿಗಳಲ್ಲಿ ಈ ಮರ್ಯಾದೆಯನ್ನು ಜನ ಎಷ್ಟು ಚೆನ್ನಾಗಿ ಕಲಿತಿದ್ದಾರೆ ನೋಡಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಿಂತು ತಿನ್ನುವ ಹೋಟೆಲುಗಳು ಬೆಂಗಳೂರಿನಲ್ಲೆಲ್ಲ ಹಬ್ಬಿದವು. ಎದೆಮಟ್ಟದ ಒಂದು ಗುಂಡು ಮೇಜು, ಅದರ ಸುತ್ತ ಸಂಬಂಧವಿಲ್ಲದ ನಾಲ್ಕು ಜನ, ನಾಲ್ಕು ತಟ್ಟೆ. ನಿಮ್ಮ ತಟ್ಟೆಗೆ ನನ್ನ ಲೋಟ ತಾಗುವಷ್ಟು ಹತ್ತಿರ, ಆದರೂ ಯಾರೂ ಯಾರಿಗೂ ಭಾರವಲ್ಲ. ನಡೆದಾಡಿ ಬಂದ ವಯಸ್ಸಾದ ಗೆಳೆಯರಿಬ್ಬರು ಬೈಟು ಕಾಫಿ ಹಂಚಿಕೊಳ್ಳುವುದನ್ನು ಅಲ್ಲಿ ನೋಡಬೇಕು. ಒಬ್ಬರು ಎರಡು ಲೋಟಗಳನ್ನೂ ಎತ್ತಿ ಬೆಳಕಿಗೆ ಹಿಡಿದು ಸಮ ನೋಡುತ್ತಾರೆ, ಹೆಚ್ಚು ಇರುವುದನ್ನು ಮೆಲ್ಲಗೆ ಗೆಳೆಯನ ಕಡೆ ಸರಿಸುತ್ತಾರೆ. ಗೆಳೆಯ ಕೈತೊಳೆದು ಬಂದವರು ಅದನ್ನು ತಿರುಗಿ ಅದಲುಬದಲು ಮಾಡುತ್ತಾರೆ.

2023ರ ಜೂನ್‌ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತಲ್ಲ, ಆಗ ಕಂಡದ್ದನ್ನೂ ಹೇಳಬೇಕು. ಆ ಯೋಜನೆಯ ಹಣಕಾಸಿನ ಚರ್ಚೆ ಬೇರೆಯವರು ಮಾಡಲಿ. ನಾನು ಕಂಡದ್ದು ಕಿಟಕಿ ಸೀಟಿನಲ್ಲಿ ಕೂತ ಅಜ್ಜಿಯರನ್ನು. ಶೂನ್ಯ ದರದ ಟಿಕೆಟ್ಟನ್ನು ಎರಡು ಸಲ ಮಡಿಸಿ ಎಲೆ ಅಡಿಕೆ ಚೀಲದಲ್ಲಿ ಭದ್ರ ಮಾಡುತ್ತಿದ್ದರು. ಮದುವೆಯಾಗಿ ಹೋದ ಅಕ್ಕತಂಗಿಯರು ವರ್ಷಗಳ ಮೇಲೆ ಒಟ್ಟಾಗಿ ಧರ್ಮಸ್ಥಳಕ್ಕೆ ಹೊರಟು, ದಾರಿಯುದ್ದಕ್ಕೂ ತವರಿನ ಮಾತಾಡಿ ಇಡೀ ಬಸ್ಸಿಗೆ ತಮ್ಮ ಬಾಲ್ಯವನ್ನು ಕೇಳಿಸಿದರು. ಸಕಲೇಶಪುರದ ಹೊತ್ತಿಗೆ ಅವರ ತಮ್ಮ ಯಾವ ಮರದಿಂದ ಬಿದ್ದು ಕೈ ಮುರಿದುಕೊಂಡ ಎನ್ನುವುದು ನಮಗೆಲ್ಲ ಗೊತ್ತಾಗಿತ್ತು.

ಇವೆಲ್ಲ ನಡೆಯಬೇಕಾದರೆ ಜನ ಸೇರಲು, ನಿಲ್ಲಲು, ಕೂರಲು ಜಾಗ ಬೇಕು. ನನ್ನ ಮನಸ್ಸಿನಲ್ಲಿರುವ ದೊಡ್ಡ ಮಾತು ಇದೇ. ವಿಲಿಯಂ ವೈಟ್ ಎಂಬುವರು ನ್ಯೂಯಾರ್ಕಿನ ಚೌಕಗಳಲ್ಲಿ ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆಂದು ವರ್ಷಗಟ್ಟಲೆ ಗಮನಿಸಿ 1980ರಲ್ಲಿ ಪುಸ್ತಕ ಬರೆದರು. ಅವರು ಕಂಡುಕೊಂಡದ್ದು ಸರಳ: ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ, ಮತ್ತು ಜನರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಬೇರೆ ಜನರೇ. ನಮ್ಮ ಹಿರಿಯರು ಪುಸ್ತಕ ಬರೆಯದೆ ಅರಳಿಕಟ್ಟೆ ಕಟ್ಟಿದರು, ಮನೆಯ ಮುಂದೆ ದಾರಿಹೋಕರಿಗೂ ಸಲ್ಲುವ ಜಗಲಿ ಬಿಟ್ಟರು. ಈಗ ಜಗಲಿ ಹೋಗಿ ಕಾರು ನಿಲ್ಲುವ ಜಾಗ ಬಂದಿದೆ. ಬಸ್‌ ತಂಗುದಾಣಗಳಲ್ಲಿ ಕಲ್ಲಿನ ಬೆಂಚು ಹೋಗಿ, ಅರ್ಧ ಕೂರಲೂ ಆಗದ ಉಕ್ಕಿನ ಕೊಳವೆ ಬಂದಿದೆ. ಪಾದಚಾರಿ ಮಾರ್ಗದಲ್ಲಿ ಇಬ್ಬರು ನಿಂತು ಮಾತಾಡಿದರೆ ಮೂರನೆಯವರು ರಸ್ತೆಗಿಳಿಯಬೇಕು. ಊರಿಗೆ ಮೇಲ್ಸೇತುವೆ ಬೇಕೆಂದು ಹೋರಾಡುವವರಿದ್ದಾರೆ, ಬೇಕಾಗಿಯೂ ಇರಬಹುದು. ಒಂದು ಮರದ ಕೆಳಗೆ ಎರಡು ಬೆಂಚು ಬೇಕೆಂದೂ ನಾವು ಅಷ್ಟೇ ಗಟ್ಟಿಯಾಗಿ ಕೇಳಬೇಕು. ಲಾಲ್‌ಬಾಗಿನ ಬಂಡೆಯನ್ನು ನೆನೆಸಿಕೊಳ್ಳಿ. 300 ಕೋಟಿ ವರ್ಷಗಳಷ್ಟು ಹಳೆಯ ಕಲ್ಲು, ಮೇಲೆ ಕೆಂಪೇಗೌಡರ ಗೋಪುರ. ಸಂಜೆಯಾದರೆ ಪುಟ್ಟ ಮಕ್ಕಳು, ಹೊಸದಾಗಿ ಮದುವೆಯಾದವರು, ನಿವೃತ್ತರು, ಒಬ್ಬರೇ ಬಂದವರು ಎಲ್ಲರೂ ಅದರ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಅಲ್ಲಿ ಯಾವ ಸೀಟೂ ಯಾರದೂ ಅಲ್ಲ.

ಇಂಥದೇ ಇನ್ನೊಂದು ಜಾಗ ನೋಡಿ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಅತಿ ಉದ್ದದ್ದು. ಅಲ್ಲೊಂದು ಮಧ್ಯಾಹ್ನ ಏಳೆಂಟು ವರ್ಷದ ಹುಡುಗನೊಬ್ಬ ಅಜ್ಜನ ಧೋತರ ಹಿಡಿದು ಎಳೆಯುತ್ತಿದ್ದ. “ಅಜ್ಜಾ, ಆ ತುದಿ ಮಟಾ ಹೋಗೂಣು ಬಾ.” ಅಜ್ಜನಿಗೆ ಸಾಮಾನಿನ ಚಿಂತೆ. ಪಕ್ಕದಲ್ಲಿ ಕೂತಿದ್ದ ಕೆಂಪಂಗಿಯ ಹಮಾಲರು, “ಹೋಗಿ ಬರ್ರಿ ಅಜ್ಜಾರ, ಗಾಡಿ ಇನ್ನೂ ತಾಸು ತಡ ಐತಿ, ಸಾಮಾನ ನಾ ನೋಡತೇನಿ” ಎಂದರು. ಎಷ್ಟು ದೂರ ಎಂದು ಅಜ್ಜ ಕೇಳಿದರೆ, “ಭಾಳ ಇಲ್ರಿ, ದೀಡ ಕಿಲೋಮೀಟರ” ಎಂದರು. ಹುಡುಗ ಹೆಜ್ಜೆ ಎಣಿಸುತ್ತ ಹೊರಟ, ಗಟ್ಟಿಯಾಗಿ, ಒಂದೂ ಬಿಡದೆ. ನನ್ನ ಬೋಗಿ ಮುಂದೆ ಬರುವುದಿತ್ತು, ನಾನೂ ಅದೇ ಕಡೆ ನಡೆದೆ. ದಾರಿಯಲ್ಲಿ ಬೆಂಚುಗಳ ಮೇಲೆ ಕೂತವರು ಒಬ್ಬೊಬ್ಬರಾಗಿ ತಲೆಯೆತ್ತಿ ನೋಡುತ್ತಿದ್ದರು. ನಾನೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಅಜ್ಜ ನೀರು ಕುಡಿಯಲು ನಿಂತರು. ಹುಡುಗನೂ ಎರಡು ಗುಟುಕು ಕುಡಿದ. ಕುಡಿದು ಬಾಯಿ ಒರೆಸಿಕೊಂಡು ನೋಡುತ್ತಾನೆ, ಲೆಕ್ಕ ಮರೆತುಹೋಗಿದೆ. ಇನ್ನೇನು ಅಳುತ್ತಾನೆ ಎನ್ನುವಷ್ಟರಲ್ಲಿ ಬೆಂಚಿನ ಮೇಲಿದ್ದ ಹೆಣ್ಣುಮಗಳೊಬ್ಬರು, “ನಾಲ್ಕನೂರಾ ಹನ್ನೆರಡ ಅಂದಿದ್ದಿ ನೋಡ, ತಮ್ಮಾ” ಎಂದರು. ಚಹಾದ ಕ್ಯಾನು ಹಿಡಿದು ಹೊರಟಿದ್ದವರು ನಿಂತು, “ಅಲ್ರೀ ಅಕ್ಕಾರ, ಹದಿನಾಲ್ಕ, ನಾ ಕೇಳೇನಿ” ಎಂದರು. ಇಬ್ಬರಿಗೂ ವಾದವಾಯಿತು. ಹುಡುಗ ಒಬ್ಬರ ಮುಖ, ಇನ್ನೊಬ್ಬರ ಮುಖ ನೋಡಿದ. ಬಳಿಕ ಹದಿಮೂರರಿಂದ ಹಿಡಿದು ಮುಂದಕ್ಕೆ ಎಣಿಸತೊಡಗಿದ.